ಮುಚ್ಚಿದ ದತ್ತು ಫೈಲ್ ತೆಗೆದು ಹೆತ್ತೋರನ್ನ ಹುಡುಕಿಕೊಡೋ ಮಧ್ಯಸ್ಥರ ಸೇವೆ: ಎರಡು ವರ್ಷ ಬಳಸಿದ್ಮೇಲೆ ಬರೀತಿದೀನಿ

ಮೊದ್ಲೇ ಹೇಳ್ಬಿಡ್ತೀನಿ, ಇದು ಡಿಎನ್‌ಎ ಕಿಟ್ ರಿವ್ಯೂ ಅಲ್ಲ, ಅದರ ಬಗ್ಗೆನೂ ಬರುತ್ತೆ ಆದ್ರೆ ನಾನು ಮುಖ್ಯವಾಗಿ ಬರೀಬೇಕು ಅನ್ಕೊಂಡಿರೋದು ಮಧ್ಯಸ್ಥರ ಸೇವೆ ಬಗ್ಗೆ. ಅಂದ್ರೆ ಕೋರ್ಟ್ ಕಡೆಯಿಂದನೋ ಇಲಾಖೆ ಕಡೆಯಿಂದನೋ ಅನುಮತಿ ಇರೋ ಒಬ್ರು, ನಮಗೆ ನೋಡೋಕೆ ಬಿಡದ ದತ್ತು ಫೈಲನ್ನ ತೆಗೆದು ಓದ್ತಾರೆ, ಹೆತ್ತ ತಾಯಿನೋ ತಂದೆನೋ ಒಡಹುಟ್ಟಿದೋರೋ ಎಲ್ಲಿದಾರೆ ಅಂತ ಹುಡುಕ್ತಾರೆ, ಸದ್ದಿಲ್ದೆ ಅವರನ್ನ ಮಾತಾಡಿಸಿ ನಿಮ್ಮನ್ನ ಒಬ್ರು ಹುಡುಕ್ತಿದಾರೆ, ಸಂಪರ್ಕ ಇಷ್ಟನಾ ಅಂತ ಕೇಳ್ತಾರೆ. ಹೂಂ ಅಂದ್ರೆ ಮಾತ್ರ ನಮಗೆ ಹೆಸರು ವಿಳಾಸ. ಊಹೂಂ ಅಂದ್ರೆ ಇಲ್ಲ. ನಾನು ಬಳಸಿದ ಸಂಸ್ಥೆ ಹೆಸರು ಇಲ್ಲಿ ಹಾಕಲ್ಲ, ಯಾಕಂದ್ರೆ ದೂರುಗಳೂ ಇವೆ, ಮತ್ತೆ ಈ ಕೆಲಸ ಬೇರೆ ಬೇರೆ ಕಡೆ ಬೇರೆ ಬೇರೆಯೋರು ಮಾಡ್ತಾರೆ, ಹೆಸರಿಗಿಂತ ಕೆಲಸ ಹೇಗೆ ನಡೆಯುತ್ತೆ ಅನ್ನೋದು ಗೊತ್ತಾದ್ರೆ ನಿಮಗೆ ಜಾಸ್ತಿ ಉಪಯೋಗ.

ನಾನು ದತ್ತು ಮಗು ಅನ್ನೋದು ನಂಗೆ ನೆನಪು ಬಂದಾಗಿಂದ ಗೊತ್ತು. ಮನೇಲಿ ಮುಚ್ಚಿಡ್ಲಿಲ್ಲ. ಅಪ್ಪ ತೀರ್ಕೊಂಡ ಮುಂದಿನ ವರ್ಷ ಅಮ್ಮನೇ ಬೀರುವಿಂದ ಒಂದು ಕಂದು ಲಕೋಟೆ ತೆಗೆದು ಕೈಗೆ ಕೊಟ್ಟು, ನಾನಿರೋವಾಗ್ಲೇ ಹುಡುಕು, ಆಮೇಲೆ ಒಬ್ಳೇ ಹುಡುಕ್ಬೇಡ ಅಂದ್ಳು. ಅದರಲ್ಲಿ ದತ್ತು ಆದೇಶದ ಪ್ರತಿ ಇತ್ತು, ನನ್ನ ಜನನ ಪ್ರಮಾಣಪತ್ರ ಇತ್ತು, ಅದರಲ್ಲಿ ತಾಯಿ ಅನ್ನೋ ಕಡೆ ಅಮ್ಮನ ಹೆಸ್ರೇ. ಅಷ್ಟೇ. ಹೆತ್ತೋಳ ಬಗ್ಗೆ ಒಂದಕ್ಷರ ಇಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು, ಇದು ನಂಗೆ ಮೊದ್ಲೇ ಗೊತ್ತಿದ್ರೆ ಆರು ತಿಂಗಳು ಉಳೀತಿತ್ತು. ನಾವೆಲ್ಲ "ಫೈಲ್" ಅಂತೀವಲ್ಲ, ಅದು ಒಂದೇ ಫೈಲ್ ಅಲ್ಲ. ಸಾಮಾನ್ಯವಾಗಿ ಮೂರು ಕಡೆ ಇರುತ್ತೆ. ದತ್ತು ಆದೇಶ ಕೊಟ್ಟ ಕೋರ್ಟಲ್ಲಿ ಒಂದು, ಮಗುನ ಕೊಡಿಸಿದ ಸಂಸ್ಥೆಲಿ ಒಂದು, ಜನನ ನೋಂದಣಿ ಕಚೇರಿಲಿ ಮೂಲ ಜನನ ಪ್ರಮಾಣಪತ್ರ. ದತ್ತು ಆದ್ಮೇಲೆ ಸಾಕಿದೋರ ಹೆಸರು ಹಾಕಿ ಹೊಸ ಪ್ರಮಾಣಪತ್ರ ಮಾಡ್ತಾರೆ, ಹಳೇದನ್ನ ಸೀಲ್ ಮಾಡಿ ಇಡ್ತಾರೆ, ನಮ್ಮ ಕೈಲಿರೋದು ಆ ಹೊಸದು. ಈ ಮೂರಕ್ಕೂ ಬಾಗಿಲು ಬೇರೆ, ಕಾನೂನು ಬೇರೆ, ಅರ್ಜಿ ಬೇರೆ. ಒಂದು ಕಡೆ ಆಗಲ್ಲ ಅಂದ್ರು ಅಂತ ಮೂರೂ ಬಾಗಿಲು ಮುಚ್ಚಿದೆ ಅಂತಲ್ಲ. ನಾನು ಕೋರ್ಟ್ ಒಂದಕ್ಕೇ ಬರ್ಕೊಂಡು, ಅಲ್ಲಿಂದ ಸಾಧ್ಯವಿಲ್ಲ ಅನ್ನೋ ಎರಡು ಸಾಲಿನ ಉತ್ತರ ಬಂದಾಗ ಎಲ್ಲಾ ಮುಗೀತು ಅಂತ ಕೂತ್ಬಿಟ್ಟಿದ್ದೆ.

ಸಂಸ್ಥೆ ಫೈಲಿಂದ ಹೆಸರು ವಿಳಾಸ ತೆಗೆದುಹಾಕಿ ಉಳಿದಿದ್ದನ್ನ ಕೊಡೋ ಪದ್ಧತಿ ಬಹಳ ಕಡೆ ಇದೆ, ಗುರುತು ಬಿಟ್ಟುಕೊಡದ ಮಾಹಿತಿ ಅಂತ. ತಾಯಿ ವಯಸ್ಸು, ಓದು, ಎತ್ತರ, ಮೈಬಣ್ಣ, ಮನೆಯೋರ ಕಾಯಿಲೆಗಳು, ಮಗು ಕೊಡೋಕೆ ಕಾರಣ ಏನು ಹೇಳಿದ್ರು, ಇಂಥದ್ದು. ದಯವಿಟ್ಟು ಎಲ್ಲಕ್ಕಿಂತ ಮೊದ್ಲು ಇದನ್ನ ಕೇಳಿ. ನಂಗೆ ಎರಡು ಹಾಳೆ ಬಂತು, ಅಲ್ಲಲ್ಲಿ ಕಪ್ಪು ಗೆರೆ ಎಳೆದಿದ್ರು. ತಾಯಿಗೆ 19 ವರ್ಷ, ಹೊಲಿಗೆ ಕಲೀತಿದ್ಳು, ಅವಳಿಗಿಂತ ಚಿಕ್ಕೋರು ಮೂರು ಜನ ಮನೇಲಿ. ಆಮೇಲೆ ಆಗಿನ ಸಮಾಜ ಕಾರ್ಯಕರ್ತೆ ಕೈಬರಹದಲ್ಲಿ ಒಂದು ಸಾಲು: ಒಪ್ಪಿಸುವ ದಿನ ಬೆಳಿಗ್ಗೆ ತಾಯಿ ಮಗುವಿನ ಉಗುರು ಕತ್ತರಿಸಿದಳು, ಮುಖ ಗೀರಿಕೊಳ್ಳಬಾರದು ಎಂದಳು. ಈ ಸಾಲನ್ನ ಎಷ್ಟು ಸಲ ಓದಿದೀನೋ ಗೊತ್ತಿಲ್ಲ. ಆ ಮೇಲೆ ಬಂದ ಯಾವ ರಿಪೋರ್ಟೂ ಯಾವ ಡಿಎನ್‌ಎ ಪಟ್ಟಿನೂ ನಂಗೆ ಇಷ್ಟು ಕೊಟ್ಟಿಲ್ಲ. ಅಂದ್ರೆ ಅರ್ಥ ಮಾಡ್ಕೊಳ್ಳಿ, ಇದು ಸಿಕ್ಕಿದ್ದು ಒಂದು ಮಾಮೂಲಿ ಅರ್ಜಿಗೆ.

ಕಾನೂನು ವಿಷಯ ಒಂದ್ಸಲ ನೋಡ್ಕೊಂಡು ಇಳೀರಿ, ಯಾಕಂದ್ರೆ ನೀವು ಹುಟ್ಟಿದ್ದು ಎಲ್ಲಿ ದತ್ತು ಆಗಿದ್ದು ಎಲ್ಲಿ ಅನ್ನೋದ್ರ ಮೇಲೆ ಮಧ್ಯಸ್ಥರು ಬೇಕೋ ಬೇಡ್ವೋ ಅನ್ನೋದೇ ನಿಂತಿದೆ. ಕೆಲವರಿಗೆ ಬೇಡವೇ ಬೇಡ. ಸ್ಕಾಟ್ಲೆಂಡಲ್ಲಿ 1930ರ ಕಾನೂನಿಂದಾನೆ ದೊಡ್ಡೋರಾದ ದತ್ತು ಮಕ್ಕಳು ತಮ್ಮ ಮೂಲ ದಾಖಲೆ ನೋಡಬಹುದು. ಇಂಗ್ಲೆಂಡ್, ವೇಲ್ಸಲ್ಲಿ ಆ ಹಕ್ಕು 1975ರ ಕಾನೂನಲ್ಲಿ ಬಂತು, 1975ರ ನವೆಂಬರ್ 12ಕ್ಕೆ ಮುಂಚೆ ದತ್ತಾದೋರು ಮೊದ್ಲು ಒಬ್ಬ ಸಲಹೆಗಾರರ ಹತ್ರ ಕೂತು ಮಾತಾಡ್ಬೇಕು ಅನ್ನೋ ಷರತ್ತು ಇದೆ, ಯಾಕಂದ್ರೆ ಆಗಿನ ತಾಯಂದಿರಿಗೆ ಅವರ ಹೆಸರು ಯಾವತ್ತೂ ಹೊರಗೆ ಬರಲ್ಲ ಅಂತ ನಂಬಿಸಿದ್ರು. ನ್ಯೂಜಿಲೆಂಡ್ 1985ರಲ್ಲಿ ತೆರೀತು, 20 ದಾಟಿದೋರಿಗೆ, ಆದ್ರೆ ಹಳೇ ದತ್ತುಗಳಲ್ಲಿ ಹೆತ್ತೋರು ಬೇಡ ಅಂತ ಹತ್ತು ವರ್ಷಕ್ಕೆ ತಡೆ ಹಾಕಬಹುದು, ಮತ್ತೆ ಮುಂದುವರಿಸಬಹುದು. ಐರ್ಲೆಂಡ್ ಇತ್ತೀಚೆಗೆ, 2022ರ ಕಾನೂನು, 16 ತುಂಬಿದೋರಿಗೆ ಮಾಹಿತಿ ಕೊಡ್ಲೇಬೇಕು, ಹೆತ್ತೋರು ಸಂಪರ್ಕ ಬೇಡ ಅಂತ ಬರೆಸಿದ್ರೆ ಮೊದ್ಲು ನಮ್ಮ ಜೊತೆ ಆ ವಿಷಯ ಮಾತಾಡಿ ಆಮೇಲೆ ಕೊಡ್ತಾರೆ. ಫ್ರಾನ್ಸಲ್ಲಿ ಹೆಸರು ಹೇಳದೇನೇ ಹೆರೋ ಹಕ್ಕು ತಾಯಿಗಿದೆ, ಅವಳು ಬೇಕಿದ್ರೆ ಮುಚ್ಚಿದ ಲಕೋಟೆ ಬಿಟ್ಟು ಹೋಗಬಹುದು, 2002ರಲ್ಲಿ ಅಲ್ಲಿ ಒಂದು ರಾಷ್ಟ್ರೀಯ ಮಂಡಳಿ ಮಾಡಿದ್ರು, ಮಗು ಕೇಳಿದ್ರೆ ಆ ಮಂಡಳಿ ತಾಯಿನ ಹುಡುಕಿ ಗುಟ್ಟು ಬಿಡ್ತೀಯಾ ಅಂತ ಕೇಳುತ್ತೆ. ಮಧ್ಯಸ್ಥರ ಕೆಲಸನ ಒಂದು ದೇಶಾನೇ ವಹಿಸ್ಕೊಂಡ ಹಾಗೆ.

ಅಮೆರಿಕದ್ದು ರಾಜ್ಯಕ್ಕೊಂದು ಕತೆ. 1917ರಲ್ಲಿ ಮಿನ್ನೆಸೋಟಾ ದತ್ತು ದಾಖಲೆ ಮುಚ್ಚೋ ಕಾನೂನು ಮಾಡ್ತು, ಆಗಿನ ಉದ್ದೇಶ ಊರೋರ ಕಣ್ಣಿಂದ ತಾಯಿ ಮಗುನ ಕಾಪಾಡೋದು, ಮಗುವಿಂದಾನೇ ಮುಚ್ಚಿಡೋದಲ್ಲ. ಬರ್ತಾ ಬರ್ತಾ ಬೇರೆ ರಾಜ್ಯಗಳಲ್ಲೆಲ್ಲ ಆ ಮಗುಗೂ ಬಾಗಿಲು ಹಾಕಿದ್ರು. ಕಾನ್ಸಾಸ್, ಅಲಾಸ್ಕಾ ಎರಡು ಮಾತ್ರ ದೊಡ್ಡೋರಾದ ದತ್ತು ಮಕ್ಕಳಿಗೆ ಯಾವತ್ತೂ ಮುಚ್ಚಲೇ ಇಲ್ಲ. ಓರೆಗನ್‌ನಲ್ಲಿ 1998ರಲ್ಲಿ ಜನರೇ ಮತ ಹಾಕಿ ತೆರೆಸಿದ್ರು, ನ್ಯೂಯಾರ್ಕಲ್ಲಿ 2020ರ ಜನವರಿ 15ರಿಂದ 18 ದಾಟಿದೋರಿಗೆ ಮೂಲ ಪ್ರಮಾಣಪತ್ರ ಸಿಗುತ್ತೆ, ಮುಚ್ಚೋದು ಶುರು ಮಾಡಿದ ಮಿನ್ನೆಸೋಟಾನೇ 2024ರ ಜುಲೈಯಲ್ಲಿ ತೆರೀತು. ಭಾರತದಲ್ಲಿ ಇದಕ್ಕೆ ರೂಟ್ ಸರ್ಚ್ ಅಂತಾರೆ, 2022ರ ದತ್ತು ನಿಯಮಗಳಲ್ಲಿದೆ, 18 ತುಂಬಿದ್ರೆ ಸ್ವಂತ ಅರ್ಜಿ, ಅದಕ್ಕಿಂತ ಚಿಕ್ಕೋರಾದ್ರೆ ಸಾಕಿದ ಅಪ್ಪ ಅಮ್ಮನ ಜೊತೆ, ಮೂರನೇಯೋರು ನಮ್ಮ ಪರವಾಗಿ ಹುಡುಕೋ ಹಾಗಿಲ್ಲ, ಹೆತ್ತೋರು ಗುಟ್ಟಾಗಿಡಿ ಅಂದಿದ್ರೆ ಅವರ ಒಪ್ಪಿಗೆ ಬೇಕು, ಅವರು ಒಪ್ಪದಿದ್ರೂ ಯಾವ ಪರಿಸ್ಥಿತಿಲಿ ಕೊಟ್ರು ಅನ್ನೋದನ್ನಾದ್ರೂ ಮಗುಗೆ ಹೇಳ್ಬೇಕು. ನಂಗೆ ಈ ಕೊನೇ ಮಾತು ತುಂಬಾ ಹಿಡಿಸ್ತು. ಹೆಸರಿಲ್ಲದಿದ್ರೂ ಕಾರಣ ತಿಳಿಯೋ ಹಕ್ಕು ಇರ್ಬೇಕು.

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ. ಎರಡು ಹಾಳೆ ಕೈಗೆ ಬಂದ್ಮೇಲೆ ತಡ್ಕೊಳ್ಳಕ್ಕಾಗ್ಲಿಲ್ಲ, ಡಿಎನ್‌ಎ ಕಿಟ್ ತರಿಸ್ದೆ. ಕೆಲವು ಕಂಪನಿಯೋರದ್ದು ಟ್ಯೂಬಿಗೆ ಉಗುಳೋದು, ಕೆಲವರದ್ದು ಕೆನ್ನೆ ಒಳಗೆ ಕಡ್ಡಿ ಉಜ್ಜೋದು, ಕೆಲಸ ಎರಡೂ ಒಂದೇ. ಅವರ ಡೇಟಾಬೇಸಲ್ಲಿ ಇರೋ ಎಲ್ಲರ ಜೊತೆ ಹೋಲಿಸಿ ಯಾರ ಜೊತೆ ನಿಮ್ಮ ಡಿಎನ್‌ಎ ಎಷ್ಟು ಹಂಚ್ಕೊಂಡಿದೆ ಅಂತ ಸೆಂಟಿಮಾರ್ಗನ್ ಅನ್ನೋ ಅಳತೆ ಲೆಕ್ಕದಲ್ಲಿ ಪಟ್ಟಿ ಕೊಡ್ತಾರೆ, ಪಟ್ಟಿಲಿ ಬರೋರನ್ನ ಮ್ಯಾಚ್ ಅಂತಾರೆ, ಅಂಕಿ ದೊಡ್ಡದಾದಷ್ಟೂ ನೆಂಟಸ್ತನ ಹತ್ರ. ಹೆತ್ತ ತಾಯಿನೋ ತಂದೆನೋ ಆದ್ರೆ ಸುಮಾರು 3400, 3500 ಬರುತ್ತೆ, ಒಂದೇ ಅಪ್ಪ ಅಮ್ಮನ ಒಡಹುಟ್ಟಿದೋರು ಸುಮಾರು 2600, ಅಪ್ಪ ಅಮ್ಮರಲ್ಲಿ ಒಬ್ರು ಮಾತ್ರ ಒಂದೇ ಆಗಿರೋ ಅಣ್ಣ ತಮ್ಮ ಅಕ್ಕ ತಂಗಿ ಆದ್ರೆ 1750 ಆಸುಪಾಸು, ದೊಡ್ಡಪ್ಪ ಚಿಕ್ಕಮ್ಮನ ಮಕ್ಕಳಾದ್ರೆ 850 ಸುತ್ತಮುತ್ತ, ಅವರಿಗಿಂತ ಒಂದು ತಲೆಮಾರು ದೂರದ ಕಸಿನ್ಸ್ ಆದ್ರೆ ಇನ್ನೂರು ಚಿಲ್ಲರೆ. ಇದೆಲ್ಲ ಸರಾಸರಿ, ಹೆಚ್ಚು ಕಮ್ಮಿ ಆಗುತ್ತೆ. ಇಲ್ಲಿ ಒಂದು ಸಿಕ್ಕು ಇದೆ, 1750 ಅನ್ನೋ ಅಂಕಿ ಅರ್ಧ ಸಂಬಂಧದ ತಮ್ಮನಿಗೂ ಬರುತ್ತೆ, ತಾಯಿಯ ತಮ್ಮನಿಗೂ ಬರುತ್ತೆ, ಅಜ್ಜನಿಗೂ ಬರುತ್ತೆ. ಅಂಕಿ ನೋಡಿ ಸಂಬಂಧ ಹೇಳಕ್ಕಾಗಲ್ಲ, ವಯಸ್ಸು ನೋಡ್ಬೇಕು, ಬೇರೆ ಮ್ಯಾಚ್‌ಗಳ ಜೊತೆ ಹೋಲಿಸ್ಬೇಕು. ಮತ್ತೆ ತಲೆತಲಾಂತರದಿಂದ ಒಳಗೊಳಗೇ ಮದುವೆ ಆಗ್ತಾ ಬಂದಿರೋ ಬಳಗ ಆದ್ರೆ ದೂರದ ನೆಂಟರೂ ಹತ್ರದೋರ ಥರ ಕಾಣ್ತಾರೆ, ಅದೂ ತಲೇಲಿರ್ಲಿ.

ಕಿಟ್‌ಗೆ ಕೊಡಬೇಕಾದ ಮರ್ಯಾದೆ ಕೊಡ್ತೀನಿ. ಕಾಗದ ಪತ್ರ ಪೂರ್ತಿ ಕಳೆದುಹೋದೋರಿಗೆ, ಆಸ್ಪತ್ರೆ ಬಾಗಿಲಲ್ಲಿ ಸಿಕ್ಕೋರಿಗೆ, ಫೈಲಲ್ಲಿ ಸುಳ್ಳು ಹೆಸರು ಬರೆಸಿರೋರಿಗೆ ಇದೊಂದೇ ದಾರಿ. ದೂರದ ಮ್ಯಾಚ್ ಮಾತ್ರ ಬಂದ್ರೂ ಅವರನ್ನ ನಾಲ್ಕು ಬಣ್ಣದಲ್ಲಿ ಗುಂಪು ಮಾಡಿ ನಾಲ್ಕು ಅಜ್ಜ ಅಜ್ಜಿ ಕಡೆಗೆ ಹಂಚೋ ಒಂದು ಸರಳ ಪದ್ಧತಿ ಇದೆ, 2018ರಲ್ಲಿ ಡಾನಾ ಲೀಡ್ಸ್ ಅನ್ನೋರು ತೋರಿಸಿಕೊಟ್ಟಿದ್ದು, ಗಣಿತ ಗೊತ್ತಿಲ್ಲದೋರೂ ಮಾಡಬಹುದು. ಇದನ್ನೆಲ್ಲ ದುಡ್ಡು ತಗೊಳ್ದೆ ಮಾಡಿಕೊಡೋ ಸರ್ಚ್ ಏಂಜಲ್ಸ್ ಅನ್ನೋ ಸ್ವಯಂಸೇವಕರಿದಾರೆ, ಅವರಲ್ಲಿ ಎಷ್ಟೋ ಜನ ತಾವೇ ದತ್ತು ಮಕ್ಕಳು. ಎಲ್ಲಕ್ಕಿಂತ ದೊಡ್ಡ ಡೇಟಾಬೇಸ್ ಆನ್ಸೆಸ್ಟ್ರಿ ಅನ್ನೋ ಕಂಪನಿದು, ಎರಡೂವರೆ ಕೋಟಿ ಜನಕ್ಕಿಂತ ಹೆಚ್ಚು. ಆದ್ರೆ ಇವೆಲ್ಲದ್ರಲ್ಲೂ ಯುರೋಪ್ ಮೂಲದೋರೇ ಜಾಸ್ತಿ, ನಿಮ್ಮ ಬಳಗದೋರು ಯಾರೂ ಉಗುಳಿಲ್ಲ ಅಂದ್ರೆ ದೂರದ ಹೆಸರುಗಳ ಪಟ್ಟಿ ಬಿಟ್ಟು ಏನೂ ಸಿಗಲ್ಲ. ಆಮೇಲೆ ನಮ್ಮ ಡಿಎನ್‌ಎ ಅಂದ್ರೆ ನಮ್ಮದೊಂದೇ ಅಲ್ಲ, ಹೆತ್ತೋರದ್ದೂ ಅದರಲ್ಲಿದೆ. 2023ರಲ್ಲಿ ಟ್ವೆಂಟಿತ್ರೀಆಂಡ್‌ಮಿ ಅನ್ನೋ ಕಿಟ್ ಕಂಪನಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕ್ತು. ಕಿಟ್ ತಗೊಳ್ಳೋ ಮುಂಚೆ ಇದನ್ನೂ ಯೋಚ್ನೆ ಮಾಡಿ.

ನನ್ನ ಪಟ್ಟಿ ಬಂದಿದ್ದು ರಾತ್ರಿ. ಮೇಲುಗಡೆ ಒಂದು ಹೆಸರು, 1720, "ಹತ್ತಿರದ ಕುಟುಂಬ" ಅಂತ. ಗಂಡಸು, ಪ್ರೊಫೈಲಲ್ಲಿ ನನಗಿಂತ ಏಳೆಂಟು ವರ್ಷ ಚಿಕ್ಕ ವಯಸ್ಸು. ತಮ್ಮ ಇರ್ಬೇಕು. ಕೈ ನಡುಗ್ತಿತ್ತು, ಎದೆ ಹೊಡ್ಕೊಳ್ಳೋದು ಕಿವಿಗೆ ಕೇಳಿಸ್ತಿತ್ತು, ಅಮ್ಮ ಮಲಗಿದ್ಳು, ಎಬ್ಬಿಸ್ಲಿಲ್ಲ. ಅಲ್ಲೇ ಇದ್ದ ಮೆಸೇಜ್ ಬಾಕ್ಸಲ್ಲಿ ಟೈಪ್ ಮಾಡ್ದೆ, ನಾನು ನಿಮ್ಮ ಅಕ್ಕ ಅನ್ಸುತ್ತೆ, ನಿಮ್ಮಮ್ಮ 19 ವರ್ಷದಲ್ಲಿದ್ದಾಗ ನನ್ನನ್ನ ಹೆತ್ತು ದತ್ತು ಕೊಟ್ಟಿದ್ರು, ಅವರು ಹೇಗಿದಾರೆ ಅಂತ. ಕಳಿಸ್ಬಿಟ್ಟೆ. ಅವನಿಗೆ ಏನೂ ಗೊತ್ತಿರ್ಲಿಲ್ಲ ಅನ್ನೋದು ನಂಗೆ ಹೊಳೀಲೇ ಇಲ್ಲ. ನಲವತ್ತು ವರ್ಷದಿಂದ ಒಬ್ಬ ಹೆಂಗಸು ಎದೇಲಿಟ್ಟುಕೊಂಡಿದ್ದ ಗುಟ್ಟನ್ನ ಅವಳ ಮಗನಿಗೆ ಮೂರು ಸಾಲಲ್ಲಿ ಹೇಳ್ಬಿಟ್ಟೆ. ಎರಡು ದಿನ ಆದ್ಮೇಲೆ ನೋಡಿದ್ರೆ ಅವನ ಹೆಸರು ಪಟ್ಟಿಲಿ ಇಲ್ಲ, ಮ್ಯಾಚ್ ತೋರಿಸೋದನ್ನೇ ಆಫ್ ಮಾಡ್ಕೊಂಡಿದ್ದ. ಕಂಪನಿಯೋರು ಫಲಿತಾಂಶ ತೋರಿಸೋ ಮೊದ್ಲು "ಅನಿರೀಕ್ಷಿತ ವಿಷಯ ತಿಳಿಯಬಹುದು" ಅಂತ ಒಂದು ಟಿಕ್ ಹಾಕಿಸ್ಕೊಂಡಿದ್ರು ನಿಜ. ಆ ಎಚ್ಚರಿಕೆ ಓದೋನಿಗೆ ಇತ್ತು, ಬರೆಯೋಳಿಗೆ ಇರ್ಲಿಲ್ಲ. ಮೆಸೇಜ್ ಬಾಕ್ಸ್ ಪಕ್ಕದಲ್ಲಿ ಒಂದು ಸಾಲು, ಇವರಿಗೆ ಗೊತ್ತಿಲ್ಲದಿರಬಹುದು, ಮೊದಲ ಮಾತಲ್ಲಿ ದತ್ತು ಅನ್ನಬೇಡಿ ಅಂತಿದ್ರೆ ನಾನು ಅವತ್ತು ರಾತ್ರಿ ಕೈ ತೆಗೀತಿದ್ದೆ ಅಂತ ಈಗ್ಲೂ ನಂಬಿದೀನಿ. ತಪ್ಪು ನಂದೇ. ಆದ್ರೂ ಆ ಸಾಲು ಇರ್ಬೇಕು.

ಮಧ್ಯಸ್ಥರ ಸೇವೆಗೆ ಹೋಗಿದ್ದು ಇದಾದ ನಾಲ್ಕು ತಿಂಗಳಿಗೆ. ಅರ್ಜಿ, ಗುರುತಿನ ಚೀಟಿ, ದತ್ತು ಆದೇಶದ ಪ್ರತಿ, ಅಷ್ಟು ಕಷ್ಟ ಇಲ್ಲ. ಆದ್ರೆ ಅರ್ಜಿಲಿ ಒಂದು ಪ್ರಶ್ನೆ ಇತ್ತು, ಬೇಡ ಅನ್ನೋ ಉತ್ತರ ಬಂದರೆ ಆ ವಾರ ನಿಮ್ಮ ಜೊತೆ ಯಾರಿರ್ತಾರೆ ಅಂತ, ಅದಕ್ಕೆ ಹೆಸರು ಬರೀಲೇಬೇಕು. ಅಮ್ಮನ ಹೆಸರು ಬರೆದೆ. ಮೊದಲ ಫೋನ್ ಒಂದು ಗಂಟೆ ನಡೀತು, ಅಮ್ಮ ಪಕ್ಕದಲ್ಲೇ ಕೂತಿದ್ಳು. ನನ್ನ ಕೇಸ್ ನೋಡ್ಕೊಂಡ ಮೇಡಂ ಏನೂ ಭರವಸೆ ಕೊಡ್ಲಿಲ್ಲ, ಅವರು ಕೇಳಿದ್ದೇ ಜಾಸ್ತಿ. ನಾನು ತಮ್ಮನಿಗೆ ಮೆಸೇಜ್ ಹಾಕಿದ್ದನ್ನ ಹೇಳ್ದೆ, ಬೈತಾರೆ ಅನ್ಕೊಂಡಿದ್ದೆ, ಸ್ವಲ್ಪ ಹೊತ್ತು ಸುಮ್ನಿದ್ದು "ಅದನ್ನ ವಾಪಸ್ ತಗೊಳ್ಳಕ್ಕಾಗಲ್ಲಮ್ಮ, ಇನ್ನೊಂದು ಕಳಿಸ್ದೆ ಇರಬಹುದು" ಅಂದ್ರು.

ವಿಚಿತ್ರ ಏನಂದ್ರೆ, ಅಷ್ಟೊತ್ತಿಗೆ ಅವನ ಹೆಸರು ನಂಗೆ ಗೊತ್ತು, ಮನೆತನದ ಹೆಸರೂ ಗೊತ್ತು. ಮೇಡಂ ಫೈಲ್ ತೆಗೆದು ಓದಿದ್ಮೇಲೆ ಅವರಿಗೂ ಗೊತ್ತು. ಆದ್ರೆ ಅವರು ಹೌದು ಅನ್ನೋ ಹಾಗಿಲ್ಲ, ಅಲ್ಲ ಅನ್ನೋ ಹಾಗೂ ಇಲ್ಲ, ಒಪ್ಪಿಗೆ ಇಲ್ದೆ ಖಚಿತ ಮಾಡೋದೂ ಹೆಸರು ಕೊಟ್ಟ ಹಾಗೇ. ನಾನು ಎರಡು ಸಲ ಬೇಕಂತಾನೆ ಮಾತಿನ ಮಧ್ಯೆ ಆ ಮನೆತನದ ಹೆಸರು ಎತ್ತಿದೆ, ಅವರ ದನಿಲಿ ಒಂದಿಷ್ಟೂ ಬದಲಾವಣೆ ಇಲ್ಲ. ಆಗ ಸಿಟ್ಟು ಬಂದಿತ್ತು. ಈಗ ಅನ್ಸುತ್ತೆ, ನನ್ನ ಮುಂದೆ ಇಷ್ಟು ಗಟ್ಟಿಯಾಗಿದ್ದೋರು ಅವಳ ಮುಂದೆನೂ ನನ್ನ ಬಗ್ಗೆ ಅಷ್ಟೇ ಗಟ್ಟಿಯಾಗಿದ್ದಿರ್ತಾರೆ.

ಮಧ್ಯಸ್ಥರು ಹೆತ್ತೋರಿಗೆ ಬರೆಯೋ ಪತ್ರದ ಬಗ್ಗೆ ಹೇಳ್ಬೇಕು, ಈ ಸೇವೆ ಯಾಕೆ ಬೇಕು ಅಂದ್ರೆ ಇದಕ್ಕೆ. ಲಕೋಟೆ ಮೇಲೆ ಸಂಸ್ಥೆ ಹೆಸರಿಲ್ಲ. ಒಳಗೆ ದತ್ತು ಅನ್ನೋ ಪದಾನೇ ಇಲ್ಲ. ಇಂಥ ವರ್ಷದ ಒಂದು ವೈಯಕ್ತಿಕ ವಿಷಯಕ್ಕೆ ನಿಮ್ಮನ್ನ ಮಾತ್ರ ಮಾತಾಡಿಸ್ಬೇಕು, ಅನುಕೂಲ ಆದಾಗ ಈ ನಂಬರಿಗೆ ಮಾಡಿ, ಮನೇಲಿ ಬೇರೆಯೋರು ಫೋನ್ ಎತ್ತಿದ್ರೆ ನಾವೇನೂ ಹೇಳಲ್ಲ, ಅಷ್ಟೇ. ಗೊತ್ತಿರೋಳಿಗೆ ವರ್ಷ ನೋಡಿದ್ರೆ ಸಾಕು. ಗೊತ್ತಿಲ್ಲದೋರು ಓದಿದ್ರೆ ಬ್ಯಾಂಕಿಂದೋ ಆಸ್ಪತ್ರೆಯಿಂದೋ ಬಂದಿರೋ ಹಾಗಿರುತ್ತೆ. ನಾನು ರಾತ್ರೋರಾತ್ರಿ ಬರೆದ ಮೂರು ಸಾಲು, ಇವರ ಈ ನಾಲ್ಕು ಸಾಲು, ಪಕ್ಕಪಕ್ಕ ಇಟ್ಟು ನೋಡಿದೀನಿ.

ನಾನೂ ಒಂದು ಪತ್ರ ಬರೆದು ಕೊಟ್ಟಿದ್ದೆ, ಅವರು ಮಾತಾಡೋಕೆ ಒಪ್ಪಿದ್ರೆ ಕೊಡಿ ಅಂತ. ಅದರಲ್ಲಿ ಉಗುರಿನ ವಿಷಯ ಬರೆದಿದ್ದೆ, ನೀವು ನನ್ನ ಉಗುರು ಕತ್ತರಿಸಿದ್ದು ಓದಿದೆ ಅಂತ. ಮೇಡಂ ಫೋನ್ ಮಾಡಿ ಅದನ್ನ ತೆಗೀರಿ ಅಂದ್ರು. ಯಾಕೆ ಅಂದೆ. "ಅವತ್ತು ಯಾರೋ ನೋಡ್ತಿದ್ರು, ಬರ್ಕೊಂಡ್ರು ಅಂತಾನೇ ಅವರಿಗೆ ಗೊತ್ತಿರಲ್ಲ. ಮೊದಲ್ನೇ ಪತ್ರದಲ್ಲೇ ಅದು ಗೊತ್ತಾಗೋದು ಬೇಡ. ಅದು ಅವರೇ ಹೇಳ್ಬೇಕಾದ ಮಾತು, ಹೇಳೋ ಇಷ್ಟ ಇದ್ರೆ" ಅಂದ್ರು. ನಾನು ತೆಗೆದೆ. ಇಂಥದ್ದನ್ನ ಯಾವ ಆ್ಯಪ್ ಹೇಳಿಕೊಡುತ್ತೆ?

ಕೊರತೆಗಳು. ಕಾಯಿಸೋದು ವಿಪರೀತ. ಅರ್ಜಿ ಕೊಟ್ಟು ಫೈಲ್ ಅವರ ಕೈಗೆ ಬರೋಕೆ ಏಳು ತಿಂಗಳು, ಅದರಲ್ಲಿ ಐದು ತಿಂಗಳು ಒಂದು ಮಾತಿಲ್ಲ, ಕತೆ ಏನಾಯ್ತು ಅಂತ ನಾನೇ ಫೋನ್ ಮಾಡ್ಬೇಕು, ಫೋನ್ ಎತ್ತೋದು ವಾರಕ್ಕೆ ಎರಡೇ ದಿನ, ಅದೂ ಬೆಳಿಗ್ಗೆ. ಫೈಲ್ ಎಲ್ಲಿದೆ, ಕೋರ್ಟಲ್ಲಿದ್ಯಾ ಇವರ ಹತ್ರ ಬಂತಾ ಅಂತ ಒಂದು ಸಣ್ಣ ಮೆಸೇಜ್ ಹಾಕಿದ್ರೆ ಅವರ ಗಂಟೇನು ಹೋಗ್ತಿತ್ತು? ಕಾಯೋರಿಗೆ ಮೌನ ಅಂದ್ರೆ ಏನೇನೋ ಅರ್ಥ ಬರುತ್ತೆ, ಅವಳು ಬೇಡ ಅಂದಿರ್ಬೇಕು, ತೀರ್ಕೊಂಡಿರ್ಬೇಕು ಅಂತ ನಾನು ಎಷ್ಟು ರಾತ್ರಿ ಎದ್ದು ಕೂತಿದೀನಿ. ಇನ್ನೊಂದು, ತಂದೆ ಕಡೆ ಹುಡುಕೋದಕ್ಕೆ ಬೇರೆ ಅರ್ಜಿ ಬೇರೆ ಶುಲ್ಕ ಅಂತ ಕೊನೇಲಿ ಹೇಳಿದ್ರು, ಮೊದ್ಲೇ ಹೇಳ್ಬೇಕಿತ್ತು. ಆಮೇಲೆ ಸಾಕಿದ ಅಪ್ಪ ಅಮ್ಮನಿಗೆ ಅಂತ ಅವರ ಹತ್ರ ಏನೂ ಇಲ್ಲ, ಒಂದು ಫೋನ್ ಮಾತೂ ಇಲ್ಲ. ನನ್ನಮ್ಮ ಧೈರ್ಯದೋಳು, ಆದ್ರೆ ಆ ಏಳು ತಿಂಗಳಲ್ಲಿ ಅವಳು ತೂಕ ಇಳಿದಿದ್ದು ನಾನು ನೋಡಿದೀನಿ, ಕೇಳಿದ್ರೆ ಏನಿಲ್ಲ ಬಿಡು ಅಂತಿದ್ಳು.

ರಿಜಿಸ್ಟ್ರಿಗಳ ವಿಷಯ ಬೇಗ ಮುಗಿಸ್ತೀನಿ. ಎರಡೂ ಕಡೆಯೋರು ತಾವಾಗೇ ಹೆಸರು ಬರೆಸಿದ್ರೆ ಹೊಂದಿಸಿಕೊಡೋ ಪಟ್ಟಿಗಳು. 1975ರಿಂದ ಇರೋ ಇಂಟರ್‌ನ್ಯಾಷನಲ್ ಸೌಂಡೆಕ್ಸ್ ರಿಯೂನಿಯನ್ ರಿಜಿಸ್ಟ್ರಿ ಉಚಿತ, ಇಂಗ್ಲೆಂಡ್, ವೇಲ್ಸ್‌ನ ಸರ್ಕಾರಿ ಪಟ್ಟಿ 1991ರಿಂದ ಇದೆ. ನಿಮಗೆ ಅನ್ವಯಿಸೋದ್ರಲ್ಲೆಲ್ಲ ಬರೆಸಿ ಬಿಟ್ಬಿಡಿ, ಕಳ್ಕೊಳ್ಳೋದೇನಿಲ್ಲ, ಆದ್ರೆ ಒಂದೇ ಕೈಲಿ ಚಪ್ಪಾಳೆ ಆಗಲ್ಲ, ಆ ಕಡೆಯೋರಿಗೆ ಹೀಗೊಂದಿದೆ ಅಂತಾನೇ ಗೊತ್ತಿರಲ್ಲ. ಇನ್ನು ಮುಂಗಡ ಕೊಡಿ ಹದಿನೈದು ದಿನದಲ್ಲಿ ವಿಳಾಸ ತರ್ತೀನಿ ಅನ್ನೋರ ಹತ್ರ ಹೋಗ್ಬೇಡಿ. ಮುಚ್ಚಿದ ದಾಖಲೆ ಅವರಿಗೆ ಹೇಗೆ ಸಿಗುತ್ತೆ ಅಂತ ಒಂದ್ಸಲ ಯೋಚಿಸಿ, ಒಂದು ಸುಳ್ಳು ವಿಳಾಸ ಕೊಡ್ತಾರೆ, ಇಲ್ಲಾಂದ್ರೆ ಯಾರಿಗೋ ಲಂಚ ಕೊಟ್ಟು ತಂದಿರ್ತಾರೆ, ಎರಡೂ ನಿಮ್ಮ ತಾಯಿ ಮನೆ ಬಾಗಿಲಿಗೆ ಹೋಗೋ ದಾರಿ ಅಲ್ಲ.

ನಂಗೆ ಏನು ಸಿಕ್ತು ಅಂತ ಕೇಳ್ತೀರಲ್ವಾ. ಮೊದಲ ಪತ್ರಕ್ಕೆ ಉತ್ತರ ಬರ್ಲಿಲ್ಲ. ಇವರ ನಿಯಮದಲ್ಲಿ ಇನ್ನೊಂದೇ ಸಲ ಪ್ರಯತ್ನ, ಆಮೇಲೆ ನಿಲ್ಲಿಸ್ತಾರೆ, ಪೀಡಿಸೋ ಹಾಗಿಲ್ಲ. ಎರಡನೇದಕ್ಕೆ ಹನ್ನೊಂದು ವಾರ ಆದ್ಮೇಲೆ ಹೆತ್ತೋಳೇ ಫೋನ್ ಮಾಡಿದ್ಳಂತೆ. ಭೇಟಿ ಬೇಡ ಅಂದ್ಳು. ಫೋನೂ ಬೇಡ. ಹೆಸರು ವಿಳಾಸ ಕೊಡಬೇಡಿ ಅಂದ್ಳು. ಮೇಡಂ ಅಲ್ಲಿಗೆ ಇಡ್ಲಿಲ್ಲ, ಒತ್ತಾಯನೂ ಮಾಡ್ಲಿಲ್ಲ, ಮನೆಯೋರ ಕಾಯಿಲೆ ವಿಷಯ ಹೇಳೋಕಾಗುತ್ತಾ, ಬರೆಯೋ ಇಷ್ಟ ಇದ್ರೆ ನಮ್ಮ ಮೂಲಕ ಬರೀಬಹುದು ಅಂತ ಎರಡು ಕಿಟಕಿ ತೆರೆದಿಟ್ಟು ಫೋನ್ ಇಟ್ರು. ಮೂರು ವಾರಕ್ಕೆ ಅವಳಿಂದ ಪತ್ರ ಬಂತು, ಹೆಸರಿನ ಜಾಗ ಮುಚ್ಚಿದ ನಕಲು ನನ್ನ ಕೈಗೆ. ಅವಳ ತಾಯಿಗೂ ಚಿಕ್ಕಮ್ಮನಿಗೂ ಐವತ್ತರ ಮುಂಚೆ ಸ್ತನ ಕ್ಯಾನ್ಸರ್ ಬಂದಿತ್ತು, ನೀನು ತೋರಿಸ್ಕೋ ಅಂತ ಮೊದಲ ಸಾಲೇ ಅದು. ತೋರಿಸ್ಕೊಂಡೆ, ಸದ್ಯಕ್ಕೆ ಏನಿಲ್ಲ, ಇನ್ನು ಪ್ರತಿ ವರ್ಷ ತೋರಿಸ್ಬೇಕು. ಇಷ್ಟು ವರ್ಷ ಡಾಕ್ಟರ ಫಾರ್ಮಲ್ಲಿ ಮನೆಯೋರ ಕಾಯಿಲೆ ಅನ್ನೋ ಜಾಗದಲ್ಲಿ ಗೆರೆ ಎಳೀತಿದ್ದೆ.

ಆ ಪತ್ರದ ಎರಡನೇ ಪ್ಯಾರಾದಲ್ಲಿ, ಮಗ ಒಂದಿನ ಮೊಬೈಲ್ ಹಿಡ್ಕೊಂಡು ಬಂದು ಇದು ನಿಜಾನಾ ಅಂತ ಕೇಳಿದ, ನಿಂತ ಕಾಲಲ್ಲೇ ಉತ್ತರ ಹೇಳ್ಬೇಕಾಯ್ತು, ನಾನು ಹೇಳೋ ರೀತಿ ಅದಾಗಿರ್ಲಿಲ್ಲ ಅಂತ ಬರೆದಿದ್ಳು. ಬೈದಿರ್ಲಿಲ್ಲ. ಅಷ್ಟೇ ಬರೆದಿದ್ಳು. ಕೊನೇಲಿ ಚಿಕ್ಕಂದಿನ ಒಂದು ಫೋಟೋ ಇದ್ರೆ ಕೊಡು ಅಂತ ಕೇಳಿದ್ಳು. ಅಮ್ಮನಿಗೆ ಓದಿ ಹೇಳ್ದೆ. ಅಮ್ಮ ಎದ್ದು ಹೋಗಿ ಆಲ್ಬಮ್ ತಂದು ನೆಲದ ಮೇಲೆ ಕೂತ್ಕೊಂಡು ಒಂದೊಂದೇ ಪುಟ ತಿರುವಿದ್ಳು, ಸಂಜೆ ಪೂರ್ತಿ. ಒಂದನ್ನ ತೆಗೀತಾಳೆ, ಇದರಲ್ಲಿ ಕೆಮ್ಮು ಇತ್ತು ಮುಖ ಬಾಡಿದೆ ಬೇಡ ಅಂತಾಳೆ, ಇನ್ನೊಂದು ತೆಗೀತಾಳೆ. ಕೊನೆಗೆ ಒಂದು ಕೇಳಿದ್ರೆ ಮೂರು ಕಳಿಸಿದ್ಳು.

ಈ ಸೇವೆಗೆ 5ಕ್ಕೆ 4 ಕೊಡ್ತೀನಿ, ಒಂದು ಕಳೆದಿದ್ದು ಆ ಮೌನಕ್ಕೆ. ಕಿಟ್‌ಗೆ 3, ಹುಡುಕೋ ಶಕ್ತಿಗೆ ಪೂರ್ತಿ ಅಂಕ ಕೊಟ್ಟು ಹುಡುಕಿದ್ಮೇಲೆ ಕೈ ಬಿಡೋದಕ್ಕೆ ಕಳೆದಿದ್ದು. ಹೆತ್ತೋರನ್ನ ನೋಡ್ಲೇಬೇಕು ಅಂತ ಹಟ ಇರೋರಿಗೆ ಮಧ್ಯಸ್ಥರ ಸೇವೆ ಬೇಸರ ತರಿಸುತ್ತೆ, ಅವರ ಬೇಡವನ್ನ ನೀವು ಒಪ್ಪಲೇಬೇಕು, ಕೆಲವು ಕಡೆ ಅದಕ್ಕೆ ಮೊದ್ಲೇ ಸಹಿ ಹಾಕಿಸ್ಕೊಳ್ತಾರೆ. ಹೆತ್ತೋರಿಗೆ ವಯಸ್ಸಾಗಿದೆ, ಹೊಸ ಸಂಸಾರ ಇದೆ, ಅವರ ಮನೇಲಿ ಗೊತ್ತಿದ್ಯೋ ಇಲ್ವೋ ಅಂತ ನಿಮಗೆ ತಿಳೀದು ಅಂತಾದ್ರೆ ಇದೇ ದಾರಿಲಿ ಹೋಗಿ. ಕಿಟ್ ಈಗಾಗ್ಲೇ ಮಾಡಿಸಿದ್ರೂ ಪರವಾಗಿಲ್ಲ, ಮೇಲುಗಡೆ ಹೆಸರು ಕಂಡ ರಾತ್ರಿ ಏನೂ ಬರೀಬೇಡಿ. ಅರ್ಜಿ ಕೊಡೋ ದಿನಾನೇ ಮೂರು ವಿಷಯ ಬರಹದಲ್ಲಿ ಕೇಳ್ಕೊಳ್ಳಿ, ಫೈಲ್ ಎಷ್ಟು ತಿಂಗಳು ಹಿಡಿಯುತ್ತೆ, ಎಷ್ಟು ಸಲ ಪ್ರಯತ್ನ ಮಾಡ್ತಾರೆ, ತಂದೆ ಕಡೆಯದ್ದೂ ಇದರಲ್ಲೇ ಸೇರುತ್ತಾ ಅಂತ.

ಹೋದ ತಿಂಗಳು ಕಿಟ್ ಅಕೌಂಟ್ ತೆಗೆದು ನೋಡಿದ್ರೆ ಮೇಲುಗಡೆ ಮತ್ತೆ ಅದೇ ಹೆಸರು, 1720. ತಮ್ಮ ಮ್ಯಾಚ್ ಆನ್ ಮಾಡ್ಕೊಂಡಿದಾನೆ. ಮೆಸೇಜ್ ಏನಿಲ್ಲ. ಮೇಡಂಗೆ ಫೋನ್ ಮಾಡಿ ಹೇಳ್ದೆ, ನಾನೇನಾದ್ರೂ ಬರೀಲಾ ಅಂತ ಕೇಳ್ದೆ. "ಅವರು ಕಾಣಿಸ್ಕೊಂಡಿದಾರೆ. ಇನ್ನೂ ಮಾತಾಡಿಲ್ಲ. ಮಾತಾಡ್ಲಿ, ಕಾಯೋಣ" ಅಂದ್ರು. ಆ ಮೆಸೇಜ್ ಬಾಕ್ಸಲ್ಲಿ ನನ್ನ ಹಳೇ ಮೂರು ಸಾಲು ಹಾಗೇ ಇದೆ, ಅದರ ಕೆಳಗೆ ಖಾಲಿ ಜಾಗ. ದಿನಕ್ಕೊಂದ್ಸಲ ತೆಗೆದು ನೋಡ್ತೀನಿ, ಏನೂ ಬರೀದೆ ಮುಚ್ಚಿಡ್ತೀನಿ.